ಕರೆದರೆ ಹೊಲಕ್ಕೆ ಬರುವ ಕಚೇರಿ

ಈ ಮೇಜಿನ ಮೇಲೆ ನೀರು ತುಂಬಿದ ಎರಡು ಗಾಜಿನ ಜಾಡಿ ಇವೆ. ನನ್ನ ಕೈಯಲ್ಲಿ ಎರಡು ಮಣ್ಣಿನ ಹೆಂಟೆ. ಎರಡನ್ನೂ ಹೋದ ವಾರ ನಮ್ಮೂರಿನ ಒಂದೇ ರಾಗಿ ಹೊಲದಿಂದ ತಂದು ನೆರಳಲ್ಲಿ ಒಣಗಿಸಿದ್ದೇನೆ. ಒಂದು, ವರ್ಷ ವರ್ಷವೂ ಉಳುವ ಜಾಗದ್ದು. ಇನ್ನೊಂದು ಅದೇ ಹೊಲದ ಬದುವಿನದ್ದು, ನೇಗಿಲು ತಾಕದೆ ಹುಲ್ಲು ಬೆಳೆದುಕೊಂಡೇ ಇರುವ ಜಾಗದ್ದು. ಎರಡಕ್ಕೂ ಹತ್ತು ಹೆಜ್ಜೆ ದೂರವಿಲ್ಲ. ಜಾಡಿಯ ಬಾಯಿಗೆ ಬಲೆ ಇಳಿಬಿಟ್ಟಿದ್ದೇನೆ, ಹೆಂಟೆ ಅದರ ಮೇಲೆ ಕೂರುತ್ತದೆ. ಈಗ ಎರಡನ್ನೂ ಒಟ್ಟಿಗೆ ಇಳಿಸುತ್ತೇನೆ. ಮುಂದಿನ ಸಾಲಿನವರು ಒಂದು ಕಣ್ಣು ಇಟ್ಟಿರಿ. ನಾನು ಮಾತಾಡುತ್ತಾ ಹೋಗುತ್ತೇನೆ.

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ, ಒಂದು ಮಣ್ಣು ಮತ್ತು ನೀರು ಸಂರಕ್ಷಣಾ ಜಿಲ್ಲೆಯ ಕಚೇರಿಯಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೋಲಾರದ ಕಡೆಯವರಿಗೆ ಅಲ್ಲಿನ ಮಣ್ಣು ಹೊಸದು ಅನ್ನಿಸುವುದಿಲ್ಲ. ಕೆಂಪು. ಮಳೆ ಬಂದರೆ ಚಪ್ಪಲಿಗೆ ಅಂಟಿ ಬಿಡುವುದೇ ಇಲ್ಲ. ಸೆಸಿಲ್ ಅಂತ ಅದರ ಹೆಸರು. ಮೊದಲ ವಾರ ಅದನ್ನು ಕೈಗೆ ತೆಗೆದುಕೊಂಡಾಗ ಊರು ನೆನಪಾಗಿ ಸಂತೋಷಪಟ್ಟಿದ್ದೆ. ಆಮೇಲೆ ಕಚೇರಿಯ ಹಿರಿಯರೊಬ್ಬರು ಹೇಳಿದರು: ಈ ಕೆಂಪು ಕಾಣಬಾರದಿತ್ತು, ಇದು ಕೆಳಗಿನ ಮಣ್ಣು. ಇದರ ಮೇಲೆ ಕಂದು ಬಣ್ಣದ ಮೇಲ್ಮಣ್ಣು ಇತ್ತು. ಹತ್ತಿ, ತಂಬಾಕು, ಮುಸುಕಿನ ಜೋಳ ಅಂತ ಇನ್ನೂರು ವರ್ಷ ಇಳಿಜಾರಿನಲ್ಲಿ ಉತ್ತು ಉತ್ತು ಅದು ಹೊಳೆ ಪಾಲಾಯಿತು. ಆ ಸೀಮೆಯಲ್ಲಿ ಸರಾಸರಿ ಸುಮಾರು 7 ಇಂಚು ಮೇಲ್ಮಣ್ಣು ಹೋಗಿದೆ ಅಂತ ಲೆಕ್ಕ ಹಾಕಿದ್ದಾರೆ. ಅಂಗೈ ಅಗಲಿಸಿ ಹಿಡಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅದೇ ಅಲ್ಲಿನ ಅನ್ನದ ಪದರ.

ಜಿಲ್ಲೆ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಡಿಸಿ ಕಚೇರಿ ಬರುತ್ತದೆ ಅಲ್ವಾ? ಅದಲ್ಲ ಇದು. ಮಣ್ಣು, ನೀರು ಇವೆರಡನ್ನೇ ನೋಡಿಕೊಳ್ಳುವ ಒಂದು ಸಣ್ಣ ಸ್ಥಳೀಯ ಮಂಡಳಿ. ಅಮೆರಿಕದಲ್ಲಿ ಇಂಥವು 3,000ದ ಹತ್ತಿರ ಇವೆ, ನಾರ್ತ್ ಕ್ಯಾರೊಲೈನಾದಲ್ಲೇ 96. ರಾಜ್ಯದಿಂದ ರಾಜ್ಯಕ್ಕೆ ಹೆಸರು ಬೇರೆ, ಅಧಿಕಾರವೂ ಬೇರೆ. ನೆಬ್ರಾಸ್ಕದಲ್ಲಿ ಹೊಳೆಗಳ ಪಾತ್ರ ನೋಡಿ ಗಡಿ ಹಾಕಿದ್ದಾರೆ, ತೆರಿಗೆ ಹಾಕುವ ಹಕ್ಕೂ ಅವಕ್ಕಿದೆ. ನಮ್ಮಲ್ಲಿ ಒಂದು ಮಂಡಳಿಗೆ ಸಾಮಾನ್ಯವಾಗಿ ಐದು ಜನ. ಮೂವರನ್ನು ಜನ ಆರಿಸುತ್ತಾರೆ, ಇಬ್ಬರನ್ನು ನೇಮಿಸುತ್ತಾರೆ. ಅಮೆರಿಕದ ಅಧ್ಯಕ್ಷರಿಗೆ ವೋಟು ಹಾಕುವ ಮತಪತ್ರದಲ್ಲೇ, ಎಲ್ಲೋ ಕೊನೆಯಲ್ಲಿ, ಮಣ್ಣಿನ ಮಂಡಳಿಗೂ ವೋಟು ಹಾಕಬೇಕು. ಮೊದಲ ಸಲ ಆ ಚೀಟಿ ನೋಡಿದಾಗ ನನಗೆ ನಂಬಲು ಆಗಿರಲಿಲ್ಲ.

ಇದು ಹುಟ್ಟಿದ ಕಥೆ ಸ್ವಲ್ಪ ಹೇಳಬೇಕು. ಅದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಗೋಧಿಗೆ ಒಳ್ಳೆಯ ಬೆಲೆ ಬಂತು. ಅಮೆರಿಕದ ನಡುವಿನ ಬಯಲುಸೀಮೆಯಲ್ಲಿ ಸಾವಿರಾರು ವರ್ಷದ ಹುಲ್ಲುಗಾವಲನ್ನು ಟ್ರ್ಯಾಕ್ಟರ್ ಹಾಕಿ ಉತ್ತರು. 1930ರ ದಶಕದಲ್ಲಿ ಬರ ಬಂತು. ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1934ರ ಮೇ ತಿಂಗಳಲ್ಲಿ ಎದ್ದ ಧೂಳು ನ್ಯೂಯಾರ್ಕ್ ದಾಟಿ ಅಟ್ಲಾಂಟಿಕ್ ಸಮುದ್ರದಲ್ಲಿದ್ದ ಹಡಗುಗಳ ಮೇಲೂ ಬಿತ್ತು. 1935ರ ಏಪ್ರಿಲ್ 14, ಒಂದು ಭಾನುವಾರ, ಒಕ್ಲಹೋಮ, ಟೆಕ್ಸಾಸ್ ಕಡೆ ಹಗಲೇ ಕತ್ತಲಾಯಿತು. ಅದನ್ನು ಈಗಲೂ ಕಪ್ಪು ಭಾನುವಾರ ಅಂತಲೇ ಕರೆಯುತ್ತಾರೆ.

ಇದಕ್ಕೆ ಎಷ್ಟೋ ಮೊದಲಿಂದ ಒಬ್ಬ ಮನುಷ್ಯ ಕೂಗಿ ಹೇಳುತ್ತಲೇ ಇದ್ದ. ಹ್ಯೂ ಹ್ಯಾಮಂಡ್ ಬೆನೆಟ್. ನಾರ್ತ್ ಕ್ಯಾರೊಲೈನಾದ ಆನ್ಸನ್ ಕೌಂಟಿಯ ಹತ್ತಿ ಬೆಳೆಯುವ ಮನೆಯಲ್ಲಿ 1881ರಲ್ಲಿ ಹುಟ್ಟಿದವರು. ಸರ್ಕಾರದಲ್ಲಿ ಮಣ್ಣಿನ ಸರ್ವೆ ಕೆಲಸ. 1905ರಲ್ಲಿ ವರ್ಜೀನಿಯಾದ ಲೂಯಿಸಾ ಕೌಂಟಿಯಲ್ಲಿ ಅಕ್ಕಪಕ್ಕದ ಎರಡು ಜಾಗ ನೋಡಿದರು. ಒಂದು ಕಾಡು, ಒಂದು ಹೊಲ. ಇಳಿಜಾರು ಒಂದೇ, ತಳದ ಕಲ್ಲು ಒಂದೇ. ಕಾಡಿನ ಮಣ್ಣು ಕೈ ಹಾಕಿದರೆ ಒಳಗೆ ಹೋಗುವಷ್ಟು ಮೆತ್ತಗೆ. ಹೊಲದ್ದು ಗಟ್ಟಿ ಜೇಡಿ. ಹೊಲದಲ್ಲಿ ದೊಡ್ಡ ಕೊರಕಲು ಏನೂ ಇರಲಿಲ್ಲ. ಪ್ರತಿ ಮಳೆಗೆ ತೆಳ್ಳಗೆ, ಹಾಳೆ ಹಾಳೆಯಾಗಿ, ಯಾರಿಗೂ ಗೊತ್ತಾಗದ ಹಾಗೆ ಮಣ್ಣು ಎದ್ದು ಹೋಗಿತ್ತು.

ಈ ಮಾತಿನ ಮೇಲೆ ಒಂದು ನಿಮಿಷ ನಿಲ್ಲುತ್ತೇನೆ. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಮಣ್ಣು ಅಂದರೆ 5 ಟನ್‌ಗಿಂತ ಸ್ವಲ್ಪ ಜಾಸ್ತಿ. ಒಂದೇ ವರ್ಷದಲ್ಲಿ ಐದು ಟನ್ ಮಣ್ಣು ಹೋದರೂ ನೀವು ಹೊಲದಲ್ಲಿ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಕಾಣಬೇಕು ಅಂದರೆ ಮನೆಗೆ ಬನ್ನಿ. ಹಳ್ಳಿ ಮನೆಗಳ ಸುಣ್ಣದ ಗೋಡೆಯ ಕೆಳಗೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದರಲ್ಲ, ಯಾಕೆ? ಮಳೆಗಾಲದಲ್ಲಿ ಅಂಗಳದ ಮಣ್ಣು ಸಿಡಿದು ಬಿಳಿ ಗೋಡೆಗೆ ಕೆಂಪು ಚುಕ್ಕೆ ಬೀಳುತ್ತದೆ. ದಪ್ಪ ಹನಿ ಬಿದ್ದರೆ ಮಣ್ಣಿನ ಕಣ ಎರಡು ಅಡಿ ಎತ್ತರದವರೆಗೂ ಹಾರಬಲ್ಲದು. ಹೊಲದಲ್ಲಿ ಗೋಡೆ ಇಲ್ಲ, ಅದಕ್ಕೇ ನಮಗೆ ಕಾಣುವುದಿಲ್ಲ. ಹನಿ ಬಡಿದು ಮಣ್ಣನ್ನು ಎಬ್ಬಿಸುತ್ತದೆ, ಹರಿಯುವ ನೀರು ಹೊತ್ತುಕೊಂಡು ಹೋಗುತ್ತದೆ. ಮಣ್ಣಿನ ಮೇಲೆ ಕೂಳೆ, ಸೊಪ್ಪು, ಹುಲ್ಲು ಏನಾದರೂ ಇದ್ದರೆ ಹನಿಯ ಪೆಟ್ಟು ಅದಕ್ಕೆ ಬೀಳುತ್ತದೆ. ನಮ್ಮ ಕಚೇರಿ ಮಾಡುವ ಅರ್ಧ ಕೆಲಸ ಇದಿಷ್ಟೇ.

ಬೆನೆಟ್ ಕಥೆಗೆ ಬರುತ್ತೇನೆ. 1935ರಲ್ಲಿ ಅವರು ವಾಷಿಂಗ್ಟನ್ನಿನಲ್ಲಿ ಸೆನೆಟ್ ಸಮಿತಿಯ ಮುಂದೆ ಮಾತಾಡುವಾಗಲೇ ಪಶ್ಚಿಮದ ಧೂಳು ಊರಿನ ಮೇಲೆ ಬಂದು ಕವಿಯಿತು ಅಂತ ಹೇಳುತ್ತಾರೆ. ಆ ವರ್ಷ ಏಪ್ರಿಲ್ 27ಕ್ಕೆ ಮಣ್ಣು ಸಂರಕ್ಷಣೆಯ ಕಾಯಿದೆ ಬಂತು, ಅದಕ್ಕಾಗಿ ಒಂದು ಇಲಾಖೆಯೂ ಬಂತು. ಬೆನೆಟ್ ಅದರ ಮುಖ್ಯಸ್ಥರಾದರು.

ಇಲ್ಲಿಗೆ ಕೆಲಸ ಆಯಿತು ಅಂದುಕೊಳ್ಳಬೇಡಿ. ನಿಜವಾದ ತೊಡಕು ಶುರುವಾದದ್ದೇ ಇಲ್ಲಿ. ಹೊಲ ಇರುವುದು ರೈತನ ಹೆಸರಲ್ಲಿ. ವಾಷಿಂಗ್ಟನ್ನಿನ ಇಲಾಖೆ ಹೇಗೆ ಬೇಲಿ ದಾಟಿ ಒಳಗೆ ಬರಬೇಕು? ಬಂದರೂ ಎಷ್ಟು ಹೊಲಕ್ಕೆ ಬಂದಾರು? ವಿಸ್ಕಾನ್ಸಿನ್ನಿನ ಕೂನ್ ವ್ಯಾಲಿಯಲ್ಲಿ 1933ರಿಂದ ಒಂದು ಇಡೀ ಜಲಾನಯನದಲ್ಲಿ ಮಾದರಿ ಕೆಲಸ ಮಾಡಿ ತೋರಿಸಿದ್ದರು. ಇಳಿಜಾರಿಗೆ ಅಡ್ಡಲಾಗಿ ಪಟ್ಟೆ ಪಟ್ಟೆಯಾಗಿ ಬೆಳೆ, ನಡುನಡುವೆ ಹುಲ್ಲು. ಚೆನ್ನಾಗಿಯೇ ಆಯಿತು. ಆದರೆ ಎಲ್ಲೋ ಒಂದು ಮಾದರಿ ಇದ್ದ ಮಾತ್ರಕ್ಕೆ ದೇಶದ ಹೊಲಗಳೆಲ್ಲ ಬದಲಾಗುವುದಿಲ್ಲ.

ಅದಕ್ಕೆ 1937ರ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳ ಗವರ್ನರುಗಳಿಗೆ ಕಾಗದ ಬರೆದರು, ಜೊತೆಗೆ ಒಂದು ಮಾದರಿ ಕಾಯಿದೆ ಕಳಿಸಿದರು. ಊರಿನ ಜಮೀನಿನವರು ಅರ್ಜಿ ಕೊಡಬೇಕು, ವೋಟು ಹಾಕಿ ಬೇಕು ಅನ್ನಬೇಕು. ಅವರು ಬೇಕು ಅಂದರೆ ಮಾತ್ರ ಜಿಲ್ಲೆ. ತಾಂತ್ರಿಕ ಜನರನ್ನು ದೊಡ್ಡ ಸರ್ಕಾರ ಕೊಡುತ್ತದೆ, ಯಾರಿಗೆ ಏನು ಮೊದಲು ಅನ್ನುವುದನ್ನು ಊರಿನ ಮಂಡಳಿ ತೀರ್ಮಾನಿಸುತ್ತದೆ. ಮಾರ್ಚ್ ಮೊದಲಲ್ಲೇ ಅರ್ಕಾನ್ಸಸ್ ಕಾಯಿದೆ ಮಾಡಿತು. ಆಗಸ್ಟ್ 4ಕ್ಕೆ ಮೊದಲ ಜಿಲ್ಲೆ ಹುಟ್ಟಿತು. ಅದು ಬ್ರೌನ್ ಕ್ರೀಕ್, ಬೆನೆಟ್ ಹುಟ್ಟಿದ ಆನ್ಸನ್ ಕೌಂಟಿಯಲ್ಲೇ.

ಈ ಒಂದು ತಿರುವು ಎಷ್ಟು ದೊಡ್ಡದು ಅಂತ ನನಗೆ ಗೊತ್ತಾದದ್ದು ನಮ್ಮ ತಾತನಿಂದ.

ನಾನು ಚಿಕ್ಕಂದಿನಲ್ಲಿ ಇದ್ದಾಗ ನಮ್ಮ ಹೊಲದ ನಡುವೆ ಒಂದು ಬದು ಬಂತು. ಯಾರೋ ಬಂದು ಅಳತೆ ಮಾಡಿದರು, ಗೂಟ ಹೊಡೆದರು, ಕೂಲಿಯವರು ಮಣ್ಣು ಎತ್ತಿ ಹಾಕಿ ಹೋದರು. ಅಳತೆಯೇನೋ ಸರಿಯಾಗಿಯೇ ಇತ್ತು. ಈಗ ನಾನು ಅದೇ ಕೆಲಸ ಮಾಡುವವನಾಗಿ ಹೇಳುತ್ತೇನೆ, ಬದು ಸಮಪಾತಳಿಯಲ್ಲೇ, ಅಂದರೆ ಉದ್ದಕ್ಕೂ ಒಂದೇ ಮಟ್ಟದಲ್ಲೇ ಇತ್ತು. ಆದರೆ ಅದು ಹೊಲವನ್ನು ಓರೆಯಾಗಿ ಎರಡು ಭಾಗ ಮಾಡಿತು. ಒಂದು ಭಾಗ ಮೂಲೆ ಮೂಲೆಯಾಗಿ ಉಳಿಯಿತು. ಜೋಡಿ ಎತ್ತು ತಿರುಗಿಸಲು ಆಗುತ್ತಿರಲಿಲ್ಲ. ಎರಡು ವರ್ಷ ತಾತ ನೋಡಿದರು. ಮೂರನೇ ವರ್ಷ ಸುಮ್ನೆ ಅದರ ಮೇಲೇ ನೇಗಿಲು ಹೊಡೆದರು. "ನನ್ನ ಹೊಲದ ನಡುವೆ ಹಾಕೋಕೆ ನನ್ನನ್ನ ಕೇಳಿದ್ರಾ?" ಅಂದರು, ಅಷ್ಟೇ. ಅದೇ ತಾತ ಹೊಲದ ಕೆಳಗಿನ ಅಂಚಿಗೆ ತಾವೇ ಕಲ್ಲು ಜೋಡಿಸಿ, ಕತ್ತಾಳೆ ನೆಟ್ಟು, ಬೇಸಿಗೆ ಬೇಸಿಗೆ ಅದನ್ನು ಸರಿ ಮಾಡುತ್ತಿದ್ದರು. ಕೆರೆ ಬತ್ತಿದಾಗ ಗೋಡು ಹೊಡೆದು ತಂದು ಹೊಲಕ್ಕೆ ಹಾಕುತ್ತಿದ್ದರು. ಮಣ್ಣಿನ ಮೇಲೆ ಪ್ರೀತಿ ಇಲ್ಲದ ಮನುಷ್ಯ ಅಲ್ಲ ಅವರು. ಬದು ಹಾಕಲು ಬಂದವರು ಮೊದಲು ಅವರ ಜೊತೆ ಹೊಲದಲ್ಲಿ ಒಂದು ಸುತ್ತು ನಡೆದಿದ್ದರೆ, ಆ ಬದು ಹತ್ತು ಮಾರು ಆಚೆ ಬರುತ್ತಿತ್ತು, ಇವತ್ತಿಗೂ ಇರುತ್ತಿತ್ತು.

ನಮ್ಮ ಕಚೇರಿಯಲ್ಲಿ ಎಲ್ಲವೂ ಆ ಒಂದು ಸುತ್ತಿನಿಂದಲೇ ಶುರು. ಜಮೀನಿನವರು ಫೋನ್ ಮಾಡಬೇಕು. ಕರೆಯದೆ ನಾವು ಹೋಗುವುದಿಲ್ಲ. ಕರೆದರೆ ಹೋಗಲು ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ.

ಒಂದು ಹೊಲದ ಕಥೆ ಹೇಳುತ್ತೇನೆ. ಸುಮಾರು ನಲವತ್ತು ಮಾಂಸದ ದನ ಸಾಕುವ ಎಪ್ಪತ್ತು ದಾಟಿದ ರೈತ. ಫೋನಿನಲ್ಲಿ ಕೇಳಿದ್ದು ಒಂದೇ ಮಾತು, ತೊರೆಯ ದಡ ಕುಸಿಯುತ್ತಿದೆ, ಬಂದು ನೋಡುತ್ತೀರಾ ಅಂತ. ಮಳೆ ನಿಂತ ಮರುದಿನ ಹೋದೆ. ಮಳೆಯಾದ ಮೇಲೇ ಹೋಗಬೇಕು, ನೀರು ಹೋದ ದಾರಿ ಆಗ ಹುಲ್ಲಿನ ಮೇಲೆ ಬರೆದಿರುತ್ತದೆ. ದನಗಳು ನೀರಿಗೆ ಇಳಿಯುವ ಜಾಗ ನಮ್ಮ ಕೆರೆ ಏರಿಯಷ್ಟು ಅಗಲ ಕೊರೆದುಹೋಗಿತ್ತು. ಗೊರಸಿನ ಗುರುತಿನಲ್ಲೆಲ್ಲ ನೀರು ನಿಂತಿತ್ತು. ಮೇಲಿನ ನೀರು ತಿಳಿ, ಅಲ್ಲಿಂದ ಕೆಳಗೆ ಕೆಂಪಗೆ. ಸಗಣಿ, ಗಂಜಲ ಎಲ್ಲ ನೇರ ತೊರೆಗೆ. ಕೆಳಗೆ ನಿಂತ ಕರು ಅದೇ ನೀರು ಕುಡಿಯುತ್ತಿತ್ತು.

ತೊರೆಗೆ ಬೇಲಿ ಹಾಕಿ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು. ಆದರೆ ಬೇಲಿ ಹಾಕಿದರೆ ದನ ನೀರು ಎಲ್ಲಿ ಕುಡಿಯಬೇಕು? ಮೂರು ಸಲ ಹೋದೆ. ಕಬ್ಬಿಣದ ಕೊಳವೆ ಚುಚ್ಚಿ ಮಣ್ಣು ತೆಗೆದು ನೋಡಿದೆವು, ಪರೀಕ್ಷೆಗೂ ಕಳಿಸಿದೆವು. ದನಗಳು ಯಾವ ಹೊತ್ತಲ್ಲಿ ಯಾವ ನೆರಳಿಗೆ ಹೋಗುತ್ತವೆ ಅಂತ ಅವರೇ ಹೇಳಿದರು, ಅದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಕೊನೆಗೆ ಯೋಜನೆ ಹೀಗಾಯಿತು: ಒಂದು ಬೋರು, ದಿಣ್ಣೆಯ ಮೇಲೆ ಮೂರು ನೀರಿನ ತೊಟ್ಟಿ, ತೊಟ್ಟಿಯ ಸುತ್ತ ಕೆಸರಾಗದ ಹಾಗೆ ಜಲ್ಲಿ, ಹುಲ್ಲುಗಾವಲನ್ನು ಭಾಗ ಮಾಡಿ ಸರದಿಯಲ್ಲಿ ಮೇಯಿಸುವುದು, ತೊರೆಯ ಎರಡೂ ಕಡೆ ಬೇಲಿ, ಬೇಲಿಯ ಒಳಗೆ ಗಿಡ. ಒಂದು ಕಡೆ ಬೇಲಿ ಎಲ್ಲಿ ಬರಬೇಕು ಅನ್ನುವುದಕ್ಕೆ ನಮ್ಮಿಬ್ಬರಿಗೂ ಒಂದು ಮಧ್ಯಾಹ್ನ ಪೂರ್ತಿ ಚರ್ಚೆ ಆಯಿತು. ಗೂಟ ಹೊಡೆದದ್ದು ಅವರೇ, ಅವರಿಗೆ ಬೇಕಾದ ಕಡೆಯೇ. ನನ್ನ ಅಳತೆಗಿಂತ ಆರು ಅಡಿ ಒಳಗೆ. ಇರಲಿ ಅಂದೆ.

ದುಡ್ಡಿನ ಮಾತು. ನಾರ್ತ್ ಕ್ಯಾರೊಲೈನಾದಲ್ಲಿ ರಾಜ್ಯದ್ದೇ ಒಂದು ವೆಚ್ಚ ಹಂಚಿಕೆ ಕಾರ್ಯಕ್ರಮ ಇದೆ, 1980ರ ದಶಕದಿಂದ ನಡೆಯುತ್ತಿದೆ. ಇಂಥ ಕೆಲಸಕ್ಕೆ ತಗಲುವ ಸರಾಸರಿ ಖರ್ಚಿನಲ್ಲಿ 75% ತನಕ ಅದು ಕೊಡುತ್ತದೆ. ಹೊಸದಾಗಿ ಬೇಸಾಯಕ್ಕೆ ಇಳಿದವರಿಗೆ, ಕೈ ಬಿಗಿ ಇರುವವರಿಗೆ 90% ತನಕ. ಉಳಿದದ್ದು ರೈತನದ್ದು, ದುಡ್ಡಾಗಿ ಇಲ್ಲವೇ ಮೈಕೆಲಸವಾಗಿ. ಅರ್ಜಿಗಳು ಬಂದಷ್ಟು ಹಣ ಯಾವತ್ತೂ ಇರುವುದಿಲ್ಲ. ಅದಕ್ಕೆ ಪ್ರತಿ ಅರ್ಜಿಗೂ ಅಂಕ ಕೊಡುತ್ತೇವೆ: ಇಳಿಜಾರು ಎಷ್ಟು, ಹೊಳೆಗೆ ಎಷ್ಟು ಹತ್ತಿರ, ಎಷ್ಟು ಮಣ್ಣು ಉಳಿಯುತ್ತದೆ ಅಂತ. ಮಂಡಳಿ ಸಭೆಯಲ್ಲಿ ಎಲ್ಲರೆದುರು ತೀರ್ಮಾನ. ಯಾರು ಬೇಕಾದರೂ ಬಂದು ಕೂರಬಹುದು. ಕೆಲಸ ಮುಗಿದು, ನಾವು ಹೋಗಿ ಅಳೆದು, ಸರಿ ಇದೆ ಅಂದ ಮೇಲೇ ಹಣ. ಆಮೇಲೆ ಸಾಮಾನ್ಯವಾಗಿ ಹತ್ತು ವರ್ಷ ಅದನ್ನು ಚೆನ್ನಾಗಿ ಇಟ್ಟುಕೊಳ್ಳುತ್ತೇನೆ ಅಂತ ರೈತ ಬರೆದುಕೊಟ್ಟಿರುತ್ತಾನೆ. ಕೇಂದ್ರ ಸರ್ಕಾರದ ಕಾರ್ಯಕ್ರಮಗಳೂ ಬೇರೆ ಇವೆ. ಆ ಇಲಾಖೆಯವರೂ ಎಷ್ಟೋ ಕಡೆ ನಮ್ಮ ಕಟ್ಟಡದಲ್ಲೇ ಕೂರುತ್ತಾರೆ, ರೈತ ಒಂದೇ ಬಾಗಿಲಿಗೆ ಬಂದರೆ ಸಾಕು.

ಬೇಲಿ, ತೊಟ್ಟಿ ಎಲ್ಲ ಕಣ್ಣಿಗೆ ಕಾಣುವ ಕೆಲಸ. ಕಾಣದ ಕೆಲಸವೇ ನನಗೆ ಹೆಚ್ಚು ಇಷ್ಟ. ಬೆಳೆ ಕೊಯ್ದ ಮೇಲೆ ಹೊಲ ಬರಿದಾಗಿ ಬಿಡದೆ ಚಳಿಗಾಲಕ್ಕೆ ರೈ ಅನ್ನುವ ಧಾನ್ಯ, ಕ್ಲೋವರ್ ಅನ್ನುವ ದ್ವಿದಳ ಬಿತ್ತುವುದು. ನಾವು ಹುರುಳಿ, ಅಪ್ಸೆಣಬು ಚೆಲ್ಲುವ ಹಾಗೆ. ಅದನ್ನು ಉಳದೆ, ಮಲಗಿಸಿ, ಅದರ ನಡುವೆಯೇ ಸೀಳಿ ಬೀಜ ಇಳಿಸುವ ಕೂರಿಗೆ ಇದೆ. ಅದರ ಬೆಲೆ ಸಣ್ಣ ರೈತನಿಗೆ ಎಟುಕುವುದಿಲ್ಲ. ಅದಕ್ಕೆ ಎಷ್ಟೋ ಜಿಲ್ಲೆಗಳು ತಾವೇ ಒಂದನ್ನು ಕೊಂಡು ಎಕರೆಗೆ ಇಷ್ಟು ಅಂತ ಬಾಡಿಗೆಗೆ ಕೊಡುತ್ತವೆ. ನನ್ನ ಕೇಳಿದರೆ, ಭಾಷಣಕ್ಕಿಂತ ಆ ಕೂರಿಗೆ ಜಾಸ್ತಿ ಮಣ್ಣು ಉಳಿಸಿದೆ. ಪಕ್ಕದ ಹೊಲದವರು ಬೇಲಿ ಆಚೆಯಿಂದ ನೋಡುತ್ತಾರೆ. ಮರುವರ್ಷ ಅವರ ಫೋನ್ ಬರುತ್ತದೆ.

ಪಟ್ಟಣದವರಿಗೂ ಇದಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. ರಾಲಿ ನಗರ ಕುಡಿಯುವುದು ಫಾಲ್ಸ್ ಲೇಕ್ ನೀರು. ಪಕ್ಕದ ಕ್ಯಾರಿಯವರಿಗೆ ಜೋರ್ಡನ್ ಲೇಕ್ ನೀರು. ಆ ಊರುಗಳಲ್ಲಿ ನಮ್ಮ ಕನ್ನಡದವರು ಎಷ್ಟೋ ಜನ ಇದ್ದಾರೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು. ಅದು ನೆಲಕ್ಕೆ ಇಂಗಿದರೆ ಬಾವಿಗೆ. ಹರಿದರೆ ಮಣ್ಣು, ಗೊಬ್ಬರ ಎಲ್ಲ ಹೊತ್ತು ಕೆರೆಗೆ. ಸಾರಜನಕ, ರಂಜಕ ಜಾಸ್ತಿಯಾಗಿ ಪಾಚಿ ಬೆಳೆಯುತ್ತದೆ. ಮನೆ ಅಂಗಳದಲ್ಲಿ ಮಳೆನೀರು ಇಂಗುವ ತೋಟ ಮಾಡಿಕೊಳ್ಳುವವರಿಗೂ ನಮ್ಮಲ್ಲಿ ಸಹಾಯ ಉಂಟು. ವಾರಾಂತ್ಯದಲ್ಲಿ ಒಂದು ಕನ್ನಡದ ಕುಟುಂಬ ಅಂಥ ತೋಟ ಅಗೆಯುವಾಗ ಆ ಮನೆಯ ಅಜ್ಜಿ, ಊರಿಂದ ಬಂದವರು, ಗುದ್ದಲಿ ಹಿಡಿದ ಮೊಮ್ಮಗನಿಗೆ ಇದು ನಮ್ಮ ನೀರಿನ ಕುಂಟೆ ಕಣೋ ಅಂದರು. ಸರಿಯಾಗಿಯೇ ಹೇಳಿದರು.

ಈ ವ್ಯವಸ್ಥೆಯಿಂದ ಎಲ್ಲ ಸರಿಹೋಗಿದೆ ಅಂತ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಅಮೆರಿಕದ ಕೃಷಿಭೂಮಿಯಿಂದ 1982ರಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಟನ್ ಮಣ್ಣು ಕೊಚ್ಚಿ, ಹಾರಿ ಹೋಗುತ್ತಿತ್ತು. 2007ರ ಹೊತ್ತಿಗೆ ಅದು ಸುಮಾರು 170 ಕೋಟಿ ಟನ್ನಿಗೆ ಇಳಿಯಿತು. ಇಳಿದದ್ದು ದೊಡ್ಡದು, ಉಳಿದದ್ದೂ ದೊಡ್ಡದು. ಇಳಿದದ್ದಕ್ಕೆ ಜಿಲ್ಲೆಗಳೊಂದೇ ಕಾರಣವೂ ಅಲ್ಲ. 1985ರ ಕಾಯಿದೆ, ಬೇಗ ಕೊಚ್ಚಿ ಹೋಗುವ ಜಮೀನನ್ನು ಲಗಾಮಿಲ್ಲದೆ ಉತ್ತರೆ ಕೇಂದ್ರದ ಸಹಾಯಧನ ನಿಲ್ಲುತ್ತದೆ ಅಂದಿತು. ಆ ಬಿಗಿಯೂ ಬೇಕಾಯಿತು. ನಮ್ಮ ಕಚೇರಿಯ ಕೈಯಲ್ಲಿ ಬಿಗಿ ಇಲ್ಲ. ಮೊದಲ ಮಾದರಿ ಕಾಯಿದೆಯಲ್ಲಿ ಜನರ ವೋಟಿನ ಮೇಲೆ ಭೂಬಳಕೆಯ ನಿಯಮ ಮಾಡುವ ಅಧಿಕಾರವೂ ಇತ್ತು. ಬಹಳ ರಾಜ್ಯಗಳು ಅದನ್ನು ಮುಟ್ಟಲೇ ಇಲ್ಲ. ಹಾಗಾಗಿ ನಾನು ಪ್ರತಿದಿನ ಕಾರಿನಲ್ಲಿ ಹೋಗುವ ದಾರಿಯಲ್ಲೇ ಒಂದು ಹೊಲ ಇದೆ. ಇಳಿಜಾರಿನ ಉದ್ದಕ್ಕೆ ಸಾಲು, ಪ್ರತಿ ಮಳೆಗೆ ರಸ್ತೆಯ ಚರಂಡಿಯಲ್ಲಿ ಕೆಂಪು ನೀರು. ಅವರು ಕರೆದಿಲ್ಲ. ನನ್ನ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕರೆದಿಲ್ಲ. ಕೆಳಗಿನವರು ಕೊಳೆ ನೀರು ಕುಡಿಯುವಾಗಲೂ ಮೇಲಿನವರ ಫೋನಿಗೇ ಕಾಯಬೇಕಾ ಅಂತ ನನ್ನೊಳಗೇ ಜಗಳ ನಡೆಯುತ್ತದೆ. ಆಗ ತಾತ ಉತ್ತ ಬದು ನೆನಪಾಗುತ್ತದೆ. ಎರಡೂ ನಿಜ. ಕಾಯುತ್ತಲೇ ಅಕ್ಕಪಕ್ಕದ ಹೊಲಗಳ ಕೆಲಸ ಮುಗಿಸುತ್ತಾ ಬಂದಿದ್ದೇವೆ. ಈಗ ಆ ಹೊಲದ ಮೂರು ದಿಕ್ಕಿಗೂ, ನೀರು ಮಣ್ಣು ಕೊಚ್ಚದೆ ಹರಿಯಲಿ ಅಂತ ಹುಲ್ಲು ಬೆಳೆಸಿದ ಕಾಲುವೆ ಇವೆ.

ನಮ್ಮ ನಾಡಿಗೆ ಮಣ್ಣಿನ ಕೆಲಸ ಹೊಸದಲ್ಲ. ವಿಜಯಪುರದ ಒಣಬೇಸಾಯದ ಸಂಶೋಧನೆ 1930ರ ದಶಕದ್ದು. ಬಳ್ಳಾರಿಯ ಮಣ್ಣು, ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರ 1954ರದ್ದು. ಸುಜಲ ಅನ್ನುವ ಜಲಾನಯನ ಯೋಜನೆಯಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡದ ಊರುಗಳಲ್ಲಿ ಜನರನ್ನು ಕೂರಿಸಿಕೊಂಡು ಯೋಜನೆ ಮಾಡಿದರು. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಬದು, ಕೃಷಿ ಹೊಂಡ ಆದವು. ಆದರೆ ಯೋಜನೆ ಮುಗಿದ ದಿನ ಜೀಪು ಹೊರಟುಹೋಗುತ್ತದೆ. ಬ್ರೌನ್ ಕ್ರೀಕ್ ಜಿಲ್ಲೆ 1937ರಿಂದ ಅಲ್ಲೇ ಇದೆ. ಮಗ ಫೋನ್ ಮಾಡಿದರೆ, ಅಪ್ಪ ಮಾಡಿಸಿದ ಬದುವಿನ ನಕ್ಷೆ ಕಪಾಟಿನಲ್ಲಿ ಸಿಗಬೇಕು. ನನಗೆ ಅಲ್ಲಿಂದ ಹೊತ್ತು ತರಬೇಕು ಅನ್ನಿಸುವುದು ಆ ಕಪಾಟು.

ಜಾಡಿ ಮರೆತೇಬಿಟ್ಟೆವು ಅಲ್ವಾ? ನೋಡಿ, ಎಡಗಡೆಯದು ಉತ್ತ ಜಾಗದ ಹೆಂಟೆ. ಬಲೆಯ ಮೇಲೆ ಏನೂ ಉಳಿದಿಲ್ಲ, ಎಲ್ಲ ಪುಡಿಯಾಗಿ ತಳ ಸೇರಿದೆ, ನೀರು ಟೀ ಬಣ್ಣ. ಬಲಗಡೆಯದು ಬದುವಿನದ್ದು. ಹೆಂಟೆ ಹಾಗೇ ಕೂತಿದೆ. ಬೇರಿನ ಎಳೆ, ಎರೆಹುಳು ಮಾಡಿದ ತೂತು ಇನ್ನೂ ಕಾಣುತ್ತಿವೆ, ನೀರಿನಾಚೆ ನನ್ನ ಬೆರಳೂ ಕಾಣುತ್ತದೆ. ಬನ್ನಿ, ಹತ್ತಿರ ಬಂದು ನೋಡಿ. ಹೆಂಟೆ ತನ್ನಿ ಅಂತ ಮೊದಲೇ ಹೇಳಿ ಕಳಿಸಿದ್ದೆ, ಕೆಲವರ ಕೈಯಲ್ಲಿ ಚೀಲ ಕಾಣುತ್ತಿದೆ. ಇನ್ನೂ ಆರು ಜಾಡಿ ಇವೆ. ಯಾವ ಹೊಲದ್ದು, ಯಾವ ಬೆಳೆ ಇತ್ತು ಅಂತ ಚೀಟಿಯಲ್ಲಿ ಬರೆದು ಅಂಟಿಸಿ, ಒಂದೊಂದಾಗಿ ಇಳಿಸೋಣ.